ಲಿಫ್ಟಣ್ಣನ ನಾಲ್ಕು ಮಹಡಿ

“ದಂತವೈದ್ಯರನ್ನ ಮೇಲಿನ ಮಹಡಿಗೆ ಹಾಕಬೇಡ್ರಪ್ಪ. ಹಲ್ಲುನೋವಿನೋನು ಅಷ್ಟು ದೂರ ಹತ್ತೋಷ್ಟರಲ್ಲಿ ನೋವೇ ಮರೆತು ಇಳಿದುಬಿಡ್ತಾನೆ” ಎಂದ ಕ್ಷೌರಿಕ, ಬೆಂಚಿನ ಒಂದು ತುದಿಯನ್ನು ಎತ್ತಿ ಹಿಡಿದುಕೊಂಡೇ.

ಇನ್ನೊಂದು ತುದಿ ಹಿಡಿದಿದ್ದ ಬೇಕರಿಯವನು ಅಂಗಳದ ನಡುವೆಯೇ ನಿಂತುಬಿಟ್ಟ. “ಹತ್ತೋದು ಯಾಕಯ್ಯ? ಲಿಫ್ಟ್ ಇರುತ್ತಲ್ಲ!”

“ಅರೆ, ಹೌದಲ್ಲ!”

ಇಬ್ಬರಿಗೂ ನಗು ಬಂತು. ಮರುಕ್ಷಣವೇ ಮನೆಯೊಳಗೆ ನೋಡಿ ತುಟಿ ಕಚ್ಚಿಕೊಂಡರು. ನಡುಮನೆಯಲ್ಲಿ ಲಿಫ್ಟಣ್ಣ ಮಲಗಿದ್ದ. ನಿನ್ನೆ ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಎದ್ದಿರಲಿಲ್ಲ. ಲಿಫ್ಟೇ ಇಲ್ಲದ ಊರಿನಲ್ಲಿ ಹುಟ್ಟಿ, ಲಿಫ್ಟ್ ರಿಪೇರಿ ಕಲಿತು, ಜೀವಮಾನವಿಡೀ ಬಸ್ಸು ಹತ್ತಿ ದೊಡ್ಡ ಊರಿಗೆ ಹೋಗಿ ಬಂದವನು. ನಡೆದುಕೊಂಡು ಕೆಲಸಕ್ಕೆ ಹೋಗಬೇಕು ಅನ್ನುವುದೊಂದು ಆಸೆ ಅವನಿಗಿತ್ತು. ಅದಕ್ಕಾಗಿ ಪೇಟೆ ಚೌಕದಲ್ಲಿ, ಸುಟ್ಟುಹೋದ ಚಿತ್ರಮಂದಿರದ ಖಾಲಿ ಜಾಗದಲ್ಲಿ, ನಾಲ್ಕು ಮಹಡಿಯ ಆಫೀಸು ಕಟ್ಟಡ ಎಬ್ಬಿಸಬೇಕೆಂದು ಇಡೀ ವರ್ತಕರ ಸಂಘದ ತಲೆ ತಿಂದಿದ್ದ. ತಿಂದು ತಿಂದು ಒಪ್ಪಿಸಿಯೂ ಇದ್ದ. ಅದರ ವಿಚಾರಣೆ ಪುರಸಭೆಯಲ್ಲಿ ಇವತ್ತೇ, ಮಧ್ಯಾಹ್ನ.

“ದಂತವೈದ್ಯರು ಮೂರನೇ ಮಹಡಿ” ಎಂಬ ದನಿ ಒಳಗಿಂದ ಬಂತು. ಅವನ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಅತ್ತು ಅತ್ತು ಕಣ್ಣು ಊದಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು. “ಕೆಳಗಿನ ಎರಡು ಮಹಡಿ ವಿಮಾ ಕಂಪನಿಗೆ. ವಕೀಲರು ಕಿಟಕಿ ಇರೋ ಕಡೆ. ಎಲ್ಲಾ ಹೇಳಿಟ್ಟಿದ್ದಾರೆ ಅವರು.”

“ಅತ್ತಿಗೆ, ಇವತ್ತು ನೀವು ಬರ್ತೀರಾ ಸಭೆಗೆ?” ಬೇಕರಿಯವನು ಅಳುಕುತ್ತಲೇ ಕೇಳಿದ.

“ಬರದೆ? ಇವತ್ತು ಆಗ್ಲಿಲ್ಲ ಅಂದ್ರೆ ವಿಮಾ ಕಂಪನಿಯೋರು ಬೇರೆ ಊರು ನೋಡ್ಕೋತಾರಂತೆ. ಸಭೆಗೆ ಅಂತ ಹೊಸ ಶರ್ಟು ಹೊಲಿಸಿದ್ರು, ಅದನ್ನೇ ಹಾಕಿದೀನಿ ಅವರಿಗೆ. ಇನ್ನು ಮಾತಾಡೋದು ನಾನೇ ತಾನೆ?”

“ನೀವು ಮಾತಾಡ್ತೀರಿ ಸರಿ. ಆದ್ರೆ ಲಾಂಡ್ರಿ ಅಕ್ಕ...” ಎಂದು ಕ್ಷೌರಿಕ ರಾಗ ಎಳೆದ.

ರಾಗ ಅಲ್ಲಿಗೇ ನಿಂತಿತು. ಲಾಂಡ್ರಿ ಅಕ್ಕ ಗೇಟು ತೆಗೆದು ಬರುತ್ತಿದ್ದಳು.

ಲಿಫ್ಟಣ್ಣನ ಸ್ವಂತ ಅಕ್ಕ. ಖಾಲಿ ಜಾಗಕ್ಕೆ ಅಂಟಿಕೊಂಡೇ ಅವಳ ಲಾಂಡ್ರಿ. ಹೋಟೆಲು, ಆಸ್ಪತ್ರೆಗಳ ಹಾಸಿಗೆ ಹೊದಿಕೆಯೆಲ್ಲ ಅವಳ ಹಿತ್ತಲಿನ ಹಗ್ಗದ ಮೇಲೆಯೇ ಒಣಗಬೇಕು. ಕಟ್ಟಡ ಎದ್ದರೆ ಬಿಸಿಲು ಸತ್ತಂತೆ ಎಂದು ಪುರಸಭೆಯಲ್ಲಿ ಆಕ್ಷೇಪಣೆ ಹಾಕಿದ್ದವಳು ಅವಳೊಬ್ಬಳೇ. ಪಕ್ಕದವರ ಒಂದೇ ಒಂದು ಆಕ್ಷೇಪಣೆ ಉಳಿದರೂ ಅರ್ಜಿ ಬಿದ್ದುಹೋಗುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅವಳು ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ತಮ್ಮನ ಪಕ್ಕದಲ್ಲಿ ಕೂತಳು.

“ಈ ಕಾಲರಿಗೆ ಇಸ್ತ್ರಿ ಹಾಕಿದ್ದು ಯಾರು?”

“ನಾನೇ ಅಕ್ಕ.”

“ಗೊತ್ತಾಗುತ್ತೆ” ಎಂದು, ಎರಡು ಬೆರಳಿನಲ್ಲಿ ಕಾಲರನ್ನು ತೀಡಿ ತೀಡಿ ನೇರ ಮಾಡತೊಡಗಿದಳು. ಅವಳ ಭುಜ ಅಲುಗುತ್ತಿತ್ತು.

*

“ಉಸಿರು ಕಟ್ತಾ ಇದೆ!” ಎಂದು ಲಿಫ್ಟಿನೊಳಗಿನಿಂದ ಕೂಗು ಬಂದಿತ್ತು, ಕೆಲವು ತಿಂಗಳ ಹಿಂದೆ ಒಂದು ದಿನ. ದೊಡ್ಡ ಊರಿನ ಯಾವುದೋ ಕಟ್ಟಡ. ಎರಡು ಮಹಡಿಗಳ ನಡುವೆ ಲಿಫ್ಟ್ ಸಿಕ್ಕಿಕೊಂಡಿತ್ತು. ಜೊತೆಗಾರ ಮೇಲೆ ಮೋಟಾರಿನ ಕೋಣೆಯಲ್ಲಿ ಒದ್ದಾಡುತ್ತಿದ್ದ. ಲಿಫ್ಟಣ್ಣ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

“ಕಟ್ಟಲ್ಲ ಸಾರ್. ಗಾಳಿ ಧಾರಾಳವಾಗಿದೆ. ಮಾತಾಡ್ತಿರಿ, ಸರಿಹೋಗುತ್ತೆ.”

“ಏನಯ್ಯಾ ಮಾತಾಡ್ಲಿ? ಪ್ರಾಣ ಹೋಗ್ತಿದೆ ಇಲ್ಲಿ!”

“ಹಾಗಾದ್ರೆ ನಾನೇ ಮಾತಾಡ್ತೀನಿ ಬಿಡಿ.”

ಶುರುಮಾಡಿದ. ತನ್ನೂರಿನ ಪೇಟೆ ಚೌಕ, ಅಲ್ಲಿ ಬಿಸಿ ಬನ್ನು ಮಾಡಿ ಕೊಳ್ಳುವವರಿಲ್ಲದೆ ತಾನೇ ತಿಂದು ದಪ್ಪಗಾದ ಬೇಕರಿಯವನು, ಗಿರಾಕಿ ಬಾರದೆ ಕನ್ನಡಿಗೆ ಕತೆ ಹೇಳುವ ಕ್ಷೌರಿಕ, ಬಿಸಿಲಿಗೂ ತನಗೂ ನೆಂಟಸ್ತನ ಇದೆಯೆಂದು ನಂಬಿದ ಅಕ್ಕ. ನಡುವೆ ಒಂದು ಖಾಲಿ ಜಾಗ. “ಅಲ್ಲೊಂದು ಆಫೀಸು ಬಂತು ಅಂತಿಟ್ಕೊಳ್ಳಿ ಸಾರ್. ಮಧ್ಯಾಹ್ನ ಊಟದ ಹೊತ್ತಿಗೆ ಎಷ್ಟು ಜನ ಕೆಳಗಿಳೀತಾರೆ! ಚೌಕ ಹೇಗೆ ಗಿಜಿಗುಡುತ್ತೆ!”

ಒಳಗಿನ ಕೂಗು ಕಡಿಮೆಯಾಯಿತು. ನಡುನಡುವೆ ‘ಹೂಂ’ ಬಂತು. ಒಮ್ಮೆ ನಗುವೂ ಬಂತು. ಕೊನೆಗೆ ಲಿಫ್ಟ್ ಅಲುಗಿ ಬಾಗಿಲು ತೆರೆದಾಗ, ಬೆವರಿನಲ್ಲಿ ತೊಯ್ದ ವಿಮಾ ಕಂಪನಿಯ ಮ್ಯಾನೇಜರು ಹೊರಗೆ ಕಾಲಿಡುವ ಮೊದಲೇ ಕೇಳಿದ: “ಆ ಜಾಗ ಎಷ್ಟು ದೊಡ್ಡದಿದೆ ಅಂದ್ರಿ?”

*

ಸ್ಮಶಾನದಿಂದ ವಾಪಸು ಬರುವಾಗ ವ್ಯಾನಿನಲ್ಲಿ ಅತ್ತಿಗೆ ನಾದಿನಿ ಎದುರುಬದುರು ಕೂತಿದ್ದರು. ಕೇಳಬಾರದು ಎಂದುಕೊಂಡೇ ಹೆಂಡತಿ ಕೇಳಿಬಿಟ್ಟಳು.

“ಅಕ್ಕ, ಮಧ್ಯಾಹ್ನ ಏನು ಹೇಳ್ತೀರಿ?”

“ಮಣ್ಣು ಹಾಕಿ ಕೈ ಇನ್ನೂ ಒಣಗಿಲ್ಲ ಕಣೇ.”

“ಒಣಗೋವರೆಗೆ ಸಭೆ ಕಾಯಲ್ಲ ಅಕ್ಕ.”

ಲಾಂಡ್ರಿ ಅಕ್ಕ ಕಿಟಕಿಯ ಕಡೆ ತಿರುಗಿದಳು.

*

ಹಿಂದೊಮ್ಮೆ ಆ ಖಾಲಿ ಜಾಗದಲ್ಲಿ ಲಿಫ್ಟಣ್ಣ ಬಿದಿರಿನ ಗಳುವಿನ ಮೇಲೆ ಗಳು ಕಟ್ಟಿ, ತುದಿಗೆ ಕೆಂಪು ಬಟ್ಟೆ ಸಿಕ್ಕಿಸಿ, ಇಷ್ಟೇ ಎತ್ತರ ನೋಡು ಎಂದು ಅಕ್ಕನಿಗೆ ತೋರಿಸಿದ್ದ.

“ಇಷ್ಟೇನಾ? ನನ್ನ ಹಿತ್ತಲು ಪೂರ್ತಿ ಕತ್ತಲೆ!”

“ಹಿತ್ತಲು ಬಿಡಕ್ಕ. ಮೇಲಿನ ತಾರಸಿ ಪೂರ್ತಿ ನಿನಗೆ. ಬೆಳಗಿಂದ ಸಂಜೇವರೆಗೂ ಬಿಸಿಲು. ಒದ್ದೆ ಬಟ್ಟೆ ಲಿಫ್ಟಲ್ಲಿ ಸುಂಯ್ ಅಂತ ಮೇಲೆ ಹೋಗುತ್ತೆ.”

“ಆ ಪೆಟ್ಟಿಗೆಯೊಳಗೆ ನಾನು ಕಾಲಿಡಲ್ಲ. ಸಿಕ್ಕಿಕೊಂಡ್ರೆ?”

“ನಾನಿರ್ತೀನಲ್ಲ!”

“ನೀನಿರ್ತೀಯ! ಇಡೀ ದಿನ ಬೇರೆ ಊರಲ್ಲಿರ್ತೀಯ” ಎಂದು ಅವಳು ಬುಟ್ಟಿ ಎತ್ತಿಕೊಂಡು ಹೊರಟೇಹೋದಳು. ಅಕ್ಕ ತಮ್ಮನ ಮಾತು ಅಂದಿಗೆ ನಿಂತಿತು.

*

ಪುರಸಭೆಯ ಸಭಾಂಗಣ ಅಷ್ಟು ತುಂಬಿದ್ದನ್ನು ಯಾರೂ ಕಂಡಿರಲಿಲ್ಲ. ಹೆಂಡತಿ ಎದ್ದು ಮಾತಾಡಿದಳು. ಊಟದ ಹೊತ್ತಿನ ಚೌಕವನ್ನು ಬಣ್ಣಿಸುವಾಗ ಕೈಯೂ ಆಡತೊಡಗಿತು. ಹಿಂದಿನ ಬೆಂಚಿನವರು ಕತ್ತು ಚಾಚಿ ಕೇಳಿದರು. ಮುಗಿದಾಗ ಬೇಕರಿಯವನು ಚಪ್ಪಾಳೆ ತಟ್ಟಲು ಹೋಗಿ, ಇದು ಪುರಸಭೆ ಎಂದು ನೆನಪಾಗಿ ನಿಲ್ಲಿಸಿದ.

“ಒಂದು ಆಕ್ಷೇಪಣೆ ಇದೆ” ಎಂದರು ಅಧ್ಯಕ್ಷೆ. “ಅಮ್ಮ, ನಿಮ್ಮದು ಹಾಗೇ ಉಳಿಯುತ್ತಾ?”

ಲಾಂಡ್ರಿ ಅಕ್ಕ ಎದ್ದಳು.

“ಮೇಲಿನ ತಾರಸಿ ಯಾರದು?”

“ನಿಮ್ಮದೇ ಅಂತ ಅವರು ಹೇಳ್ತಿದ್ರಲ್ಲ ಅಕ್ಕ!” ಎಂದಳು ಹೆಂಡತಿ.

“ಹೇಳಿದ್ರೆ ಆಯ್ತಾ? ಬರೀಬೇಕು. ಮೇಲೊಂದು ನಲ್ಲಿಯೂ ಬೇಕು. ಲಿಫ್ಟ್ ಅಗಲ ಇರ್ಬೇಕು, ನನ್ನ ಬಟ್ಟೆ ಗಾಡಿ ಹಿಡಿಯೋ ಹಾಗೆ.”

“ಅಗಲವಾಗೇ ಇರಲಿ! ದಯವಿಟ್ಟು ಅಗಲವಾಗೇ ಇರಲಿ!” ಎಂದು ವಿಮಾ ಕಂಪನಿಯ ಮ್ಯಾನೇಜರು ಮೂಲೆಯಿಂದ ಎದ್ದೇ ನಿಂತ. ಸಭೆ ಗೊಳ್ಳೆಂದಿತು.

“ಬಟ್ಟೆ ಲಿಫ್ಟಲ್ಲಿ ಹೋಗ್ಲಿ. ನಾನು ಮೆಟ್ಟಿಲಲ್ಲೇ ಬರ್ತೀನಿ” ಎಂದಳು ಅಕ್ಕ. “ಅದು ಕೆಟ್ಟುನಿಂತ್ರೆ ನೋಡೋರು ಯಾರು?”

ಊರಿನ ಒಬ್ಬನೇ ಒಬ್ಬ ಲಿಫ್ಟ್ ರಿಪೇರಿಯವನಿಗೆ ಎಲ್ಲರೂ ಬೆಳಗ್ಗೆಯಷ್ಟೇ ಮಣ್ಣು ಹಾಕಿ ಬಂದಿದ್ದರು.

“ದೊಡ್ಡ ಊರಿಂದ ಒಬ್ಬರನ್ನ ಕರೆಸ್ತೀವಿ ಅಮ್ಮ” ಎಂದ ಮ್ಯಾನೇಜರು ಮೆಲ್ಲಗೆ. “ಇಲ್ಲೇ ಇರ್ತಾರೆ, ದಿನವಿಡೀ.”

“ಸರಿ. ಬರೋನು ಚೆನ್ನಾಗಿ ಮಾತಾಡೋನಾಗಿರಲಿ.”

“ಮೆಟ್ಟಿಲಲ್ಲೇ ಬರ್ತೀನಿ ಅಂದ್ರಲ್ಲ ಅಕ್ಕ ಈಗ ತಾನೇ?” ಎಂದು ಕ್ಷೌರಿಕ ಕೆಣಕಿದ.

“ಮಂಡಿ ನೋಯೋ ದಿನ ಏನು, ನೀನು ಎತ್ಕೊಂಡು ಹೋಗ್ತೀಯ? ನನ್ನದೇನೂ ಆಕ್ಷೇಪಣೆ ಇಲ್ಲ, ಬರ್ಕೊಳ್ಳಿ” ಎಂದು ಅವಳು ಕೂತಳು.

“ಹಾಗಾದ್ರೆ ಒಪ್ಪಿಗೆ ಇರೋ ಸದಸ್ಯರು ಕೈ ಎತ್ತಿ” ಎಂದರು ಅಧ್ಯಕ್ಷೆ.

ವೇದಿಕೆಯ ಮೇಲಿನ ಕೈಗಳು ಎದ್ದವು. ಕೆಳಗೆ ಬೇಕರಿಯವನ ಕೈ ಎದ್ದಿತು, ಕ್ಷೌರಿಕನದು ಎದ್ದಿತು, ಬೆಂಚು ಬೆಂಚುಗಳೇ ಕೈ ಎತ್ತಿದವು. ಹೆಂಡತಿ ಮಾತ್ರ ಒದ್ದೆ ಕರ್ಚೀಫನ್ನು ಮಡಿಲಲ್ಲಿ ಹಿಂಡುತ್ತ ತಲೆ ತಗ್ಗಿಸಿ ಕೂತಿದ್ದಳು. ಲಾಂಡ್ರಿ ಅಕ್ಕ ಅವಳ ಮಣಿಕಟ್ಟು ಹಿಡಿದು, ತನ್ನ ಕೈಯ ಜೊತೆಗೆ ಮೇಲಕ್ಕೆ ಎತ್ತಿದಳು. ಅಧ್ಯಕ್ಷೆ ಎಣಿಸಲು ಶುರುಮಾಡಿದವರು, ಸಭೆಯ ಕಡೆ ನೋಡಿ, ಯಾರಿಗೂ ಕೈ ಇಳಿಸಿ ಎನ್ನದೆ, ಮತ್ತೆ ಮೊದಲಿನಿಂದ ಎಣಿಸತೊಡಗಿದರು.