ಎಲ್ಲರದ್ದೂ ಎಂಟು ಗಂಟೆ

ಟ್ಯೂಬಿನೊಳಗೆ ರಕ್ತ ಇನ್ನೂ ಬೆಚ್ಚಗಿದೆ, ಬೆರಳಿಗೆ ಗೊತ್ತಾಗುತ್ತದೆ, ಚೀಟಿ ಅಂಟಿಸುವಾಗ ಅವಳು ಹೆಸರು ಓದುವುದಿಲ್ಲ, ನಂಬರು ಅಷ್ಟೇ, ಮೂವತ್ತೊಂದು, ಮೂವತ್ತೆರಡು — ಮೂವತ್ತಮೂರು ಅಮ್ಮನದು. ಚೀಟಿಯ ಕೊನೆಗೆ ಒಂದು ಸಾಲು, ಮಾತ್ರೆ ನುಂಗಿದ ಹೊತ್ತು, ಅಲ್ಲಿ ಎಂಟು ಅಂತ ಬರಿ ಮಾರಾಯ್ತಿ, ಎಲ್ಲರದ್ದೂ ಎಂಟೇ, ಒಬ್ಬೊಬ್ಬರನ್ನೂ ಕೇಳ್ತಾ ಕೂತ್ರೆ ಸಂಜೆಯಾಗುತ್ತೆ, ಸೂಜಿ ಚುಚ್ಚುವ ಅಣ್ಣ ಮೊದಲ ದಿನವೇ ಕಲಿಸಿದ ವಿದ್ಯೆ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಎಂಟಾದರೂ ಬರೀಲಿ ಬಿಡು ಅಂತ ನಕ್ಕಿದ್ದ, ಅವಳೂ ನಕ್ಕಿದ್ದಳು, ಥೂ, ಯಾಕೆ ನಕ್ಕೆ, ಹಲ್ಲು ಉದುರಿ ಹೋಗಬಾರದಿತ್ತೇ. ಆರು ತಿಂಗಳಿಂದ ದುಂಡಗೆ ಬರೆದಿದ್ದಾಳೆ, ಎಂಟು, ಎಂಟು, ಎಂಟು, ಒಳಗಿನ ಯಂತ್ರ ರಕ್ತದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಎಷ್ಟಿದೆ ಅಂತ ಅಳೆದು ಕಾಗದ ಉಗುಳುತ್ತದೆ, ಹೋದ ತಿಂಗಳು ಅಮ್ಮನ ಕಾಗದದಲ್ಲಿ ಏನೇನೂ ಇಲ್ಲ — ಎಂಟಕ್ಕೆ ನುಂಗಿದ್ದು ಹತ್ತಕ್ಕೆ ತೆಗೆದ ರಕ್ತದಲ್ಲಿ ಕಾಣಲ್ಲ ಅಂದ್ರೆ ನಿಮ್ಮ ಮೈಗೆ ಒಂದು ಸಾಲದು, ದಿನಾ ಎರಡು ತಗೊಳ್ಳಿ ಅಂದರು ಡಾಕ್ಟರು, ತಲೆ ಎತ್ತದೆ, ಮೂರನೇ ದಿನ ಸಕ್ಕರೆ ತೀರಾ ಇಳಿದು ಅಮ್ಮ ಒಲೆ ಮುಂದೆ ಕುಸಿದಳು, ತಣ್ಣನೆ ಬೆವರು, ತೊದಲುವ ನಾಲಿಗೆ, ಯಾರಮ್ಮಾ ನೀನು ಅಂತ ಮಗಳನ್ನೇ ಕೇಳಿದಳು, ಬಾಯೊಳಗೆ ಬೆರಳಿಟ್ಟು ಸಕ್ಕರೆ ಉಜ್ಜಿದ್ದು ಈ ಬೆರಳೇ, ಎಂಟು ಬರೆದದ್ದೂ ಇದೇ. ಇವತ್ತು ಬೆಳಿಗ್ಗೆ ದಾರಿಯಲ್ಲಿ ಅಮ್ಮನ ಮುಷ್ಟಿ ಬಿಗಿಯಾಗಿತ್ತು, ಏನಮ್ಮಾ ಅದು, ಬಿಚ್ಚಿದಳು, ಡಾಕ್ಟರು ಹೇಳಿದಂತೆ ಈಗಲೂ ಎರಡು ಬಿಳಿ ಮಾತ್ರೆ, ಬೆವರಿಗೆ ಅಂಚು ಕರಗಿ. ನುಂಗಿಲ್ವಾ? ಹೇಗೆ ನುಂಗಲಿ ಕಣೇ, ತಿಂಡಿ ತಿಂದ ಮೇಲೆ ಮಾತ್ರೆ ಅಂತಾರೆ, ರಕ್ತ ಕೊಡೋಕೆ ಖಾಲಿ ಹೊಟ್ಟೇಲಿ ಬಾ ಅಂತಾರೆ, ಎರಡೂ ಅವರೇ ಹೇಳೋದು, ಹೋದ ಸಲಾನೂ ಕೊಟ್ಟಾದ ಮೇಲೇ ನುಂಗಿದ್ದು. ಯಾರಿಗೂ ಹೇಳಲಿಲ್ವಾ? ಯಾರು ಕೇಳಿದ್ರು?

ಯಾರು ಕೇಳಿದರು — ಪೆನ್ನು ಮೂವತ್ತಮೂರರ ಮೇಲೆ ನಿಂತಿದೆ, ಬರೀ ಬೇಗ, ಏನು ನಿದ್ದೆನಾ, ಅಂದ ಅಣ್ಣ, ಎಂಟು ಬರೆದರೆ ಈ ಸಲ ಮೂರು ಮಾತ್ರೆ, ಮೂರಾದರೆ ಅಮ್ಮ ಏಳುವುದಿಲ್ಲ, ಅವಳು ಒತ್ತಿ ಬರೆದಳು, ನುಂಗಿಲ್ಲ, ಕಾಗದ ಹರಿಯುವಷ್ಟು ಒತ್ತಿ, ಏಯ್ ಏನದು ನಿನ್ನ ಅಧಿಕಪ್ರಸಂಗ, ಅಣ್ಣನ ಕೈ ಚೀಟಿಗೆ ಬರುವ ಮೊದಲೇ ಬಾಗಿಲು ದೂಡಿ ರಕ್ತ ಕೊಡಲು ಕಾದವರ ಬೆಂಚುಗಳ ಮುಂದೆ ನಿಂತಿದ್ದಾಳೆ, ಇಷ್ಟು ಜನರೆದುರು ಎಂದೂ ಬಾಯಿ ತೆರೆದವಳಲ್ಲ, ಗಂಟಲು ತನ್ನದಲ್ಲವೆಂಬಂತೆ ಕೂಗಿತು, ತಾತಾ, ಇವತ್ತು ಮಾತ್ರೆ ನುಂಗಿದ್ರಾ? ಖಾಲಿ ಹೊಟ್ಟೇಲಿ ಬಾ ಅಂದ್ರಲ್ಲಮ್ಮಾ, ಅಂದ ಆ ಮುದುಕ, ಮುಷ್ಟಿ ಬಿಚ್ಚಿದ, ಪಕ್ಕದ ಹೆಂಗಸೂ ಬಿಚ್ಚಿದಳು, ಅದರಾಚೆಯವನೂ — ಬಿಳಿ ಮಾತ್ರೆ, ಬೆವರಿದ ಅಂಗೈ, ಅಂಚು ಕರಗಿದ ಬಿಳಿ ಮಾತ್ರೆ