ಗುಂಡುಕಲ್ಲಿನ ಆಕಾಶಯಾನ

ಏಳು ಬೆಟ್ಟಗಳಾಚೆಯೂ ಅಲ್ಲ, ಏಳು ಕಡಲುಗಳಾಚೆಯೂ ಅಲ್ಲ, ಬಸ್ ನಿಲ್ದಾಣದ ಹಿಂದಿನ ಬೀದಿಯ ಮೂರನೇ ಮನೆಯಲ್ಲಿ ಒಬ್ಬ ರಾಜಕುಮಾರನಿದ್ದ. ಅವನಿಗೆ ವಯಸ್ಸು ಒಂಬತ್ತು ತಿಂಗಳು, ಹಲ್ಲು ಎರಡು, ತಲೆಯ ಮೇಲೆ ಎಣಿಸಿದರೆ ಹನ್ನೊಂದು ಕೂದಲು. ಕೆನ್ನೆ ಮಾತ್ರ ಇಬ್ಬರು ರಾಜಕುಮಾರರಿಗೆ ಹಂಚಿದರೂ ಮಿಗುವಷ್ಟು. ಎತ್ತಿಕೊಂಡವರಿಗೆಲ್ಲ ಸೊಂಟ ಹಿಡಿದುಕೊಳ್ಳುತ್ತಿದ್ದುದರಿಂದ ಅಜ್ಜಿ ಅವನನ್ನು ಗುಂಡುಕಲ್ಲು ಎಂದು ಕರೆಯುತ್ತಿದ್ದಳು. ಅವನ ಅಪ್ಪ ಅಮ್ಮ ದೂರದ ಊರಿನಲ್ಲಿದ್ದರು. ಅವನನ್ನು ಆಕಾಶಮಾರ್ಗವಾಗಿ ಅಲ್ಲಿಗೆ ತಲುಪಿಸುವ ಹೊಣೆ ಹೊತ್ತದ್ದು ರೆಕ್ಕೆಯ ಕುದುರೆಯಲ್ಲ, ಹಾರುವ ಚಾಪೆಯಲ್ಲ. ಗಾಜಿನ ಕಾರ್ಖಾನೆಯಲ್ಲಿ ಲೋಟ, ಹೂಜಿ, ದೀಪದ ಬುರುಡೆಗಳನ್ನು ಪೆಟ್ಟಿಗೆಗೆ ತುಂಬಿ ಟೇಪು ಸುತ್ತುವ ಅವನ ಚಿಕ್ಕಮ್ಮ.

ಆದದ್ದು ಇಷ್ಟೇ. ಅಕ್ಕನಿಗೆ ಹೊಸ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಕೂಡಲೇ ಬನ್ನಿ ಅಂದರು. ಮನೆ ಸಿಗುವ ತನಕ ಮಗು ಇಲ್ಲೇ ಇರಲಿ ಎಂದು ಅಕ್ಕ ಭಾವ ಇಬ್ಬರೂ ಮುಂದಾಗಿ ಹೋದರು. ಒಂದು ವಾರದ ಮಾತು ಎಳೆದೂ ಎಳೆದೂ ಹದಿನೇಳು ದಿನವಾಯಿತು. ಕೊನೆಗೆ ಮನೆ ಸಿಕ್ಕಿದ ದಿನ ಅಕ್ಕ ಫೋನು ಮಾಡಿದಳು.

"ನಿನ್ನ ಕೈಲಿ ಆಗುತ್ತೇನೇ? ನೀನೂ ವಿಮಾನ ಹತ್ತಿದವಳಲ್ಲ, ಅವನೂ ಹತ್ತಿದವನಲ್ಲ."

"ಐದು ವರ್ಷದಲ್ಲಿ ನಾನು ಕಟ್ಟಿದ ಪೆಟ್ಟಿಗೇಲಿ ಒಂದು ಲೋಟ ಒಡೆದಿಲ್ಲ ಕಣೇ. ನಿನ್ನ ಮಗನ್ನ ನಗ್ತಾ ನಗ್ತಾನೇ ತಂದು ನಿನ್ನ ಕೈಗೆ ಹಾಕ್ತೀನಿ. ಅತ್ಕೊಂಡು ಬಂದ್ರೆ ನನ್ನ ಹೆಸರು ಬದಲಾಯಿಸು."

ಅಕ್ಕ ಮೆಲ್ಲಗೆ, "ಹದಿನೇಳು ದಿನ ಆಯ್ತು. ನನ್ನ ಮರ್ತಿರ್ತಾನೆ ಅಲ್ವೇನೇ?" ಅಂದಳು.

"ನಿನ್ನ ತಲೆ!" ಎಂದು ಚಿಕ್ಕಮ್ಮ ನಕ್ಕಳು. ಆದರೆ ಆ ಮಾತು ಕಾಲಿಗೆ ಚುಚ್ಚಿದ ಗಾಜಿನ ಚೂರಿನಂತೆ ಒಳಗೇ ಉಳಿಯಿತು. ಅವನು ನಗಲೇಬೇಕು, ಅಕ್ಕನ ಕೈಗೆ ಹೋಗುವಾಗ ನಗಲೇಬೇಕು ಎಂದು ಅವಳು ಅಂದೇ ಪಣ ತೊಟ್ಟಳು.

ಮಕ್ಕಳ ಡಾಕ್ಟರು ಕಿವಿ ನೋಡಿದರು, ಗಂಟಲು ನೋಡಿದರು, ಗುಂಡುಕಲ್ಲಿನ ಕೈಯಿಂದ ತಮ್ಮ ಕನ್ನಡಕ ಬಿಡಿಸಿಕೊಂಡರು. "ಶೀತ ಇಲ್ಲ, ಧಾರಾಳವಾಗಿ ಹೋಗಿ. ವಿಮಾನ ಏರೋವಾಗ, ಇಳಿಯೋವಾಗ ಕಿವಿ ಬಿಗಿಯುತ್ತೆ. ದೊಡ್ಡವರು ಆಕಳಿಸಿ ಬಿಡಿಸ್ಕೋತಾರೆ, ಮಗೂಗೆ ಗೊತ್ತಾಗಲ್ಲ. ಆಗ ಏನಾದ್ರೂ ಚೀಪ್ತಾ ಇರ್ಬೇಕು. ಇಳಿಯೋವಾಗ ನಿದ್ದೆ ಮಾಡ್ತಿದ್ರೂ ಎಬ್ಬಿಸಿ ಹಾಲು ಕೊಡಿ. ಮರೀಬೇಡಿ."

ಚಿಕ್ಕಮ್ಮ ಮರೆಯಲಿಲ್ಲ. ಮರೆಯುವುದು ಹಾಗಿರಲಿ, ಹೊರಡುವ ಹಿಂದಿನ ದಿನ ಬೆಳಿಗ್ಗೆಯೇ ನೆಲದ ಮೇಲೆ ಅಂಗಡಿ ಹರಡಿ ಕೂತಳು. ಎರಡು ಜೊತೆ ಬಟ್ಟೆ, ಒಂದರ ಮೇಲೊಂದು ಹಾಕಿ ತೆಗೆಯಲು ಬರುವಂಥದ್ದು. ಆರು ಡೈಪರು. ವಾಂತಿ ಮಾಡಿಕೊಂಡರೆ ತನಗೂ ಇರಲೆಂದು ಒಂದು ಕುರ್ತಾ. ಹಾಲಿನ ಪುಡಿ, ಎರಡನೇ ಬಾಟಲಿ, ಚೀಪುವ ರಬ್ಬರ್ ನಿಪ್ಪಲ್, ಇವಿಷ್ಟನ್ನೂ ಅಮೂಲ್ಯ ವಸ್ತುಗಳೆಂದು ಬೇರೆ ತೆಗೆದು, ಕಾರ್ಖಾನೆಯ ಗಟ್ಟಿ ರಟ್ಟಿನ ಡಬ್ಬದಲ್ಲಿ, ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ ಸುತ್ತಿ ಇಟ್ಟಳು. ಮೇಲೆ ನಾರಿನ ಟೇಪು, ಉದ್ದಕ್ಕೆ ಮೂರು ಸುತ್ತು, ಅಡ್ಡಕ್ಕೆ ಮೂರು ಸುತ್ತು. ಅದರ ಮೇಲೆ ಕೆಂಪು ಚೀಟಿ: 'ಒಡೆಯುವ ವಸ್ತು. ಜೋಪಾನ.'

ಅಜ್ಜಿ ಕಂಬಕ್ಕೆ ಒರಗಿ ನೋಡುತ್ತಿದ್ದಳು. "ಅದು ಮಗೂ ಸಾಮಾನು ಕಣೇ, ನಿಧಿ ಪೆಟ್ಟಿಗೆ ಅಲ್ಲ. ಬಿಚ್ಚೋಕೆ ಬರ್ಬೇಕಲ್ಲೇ."

"ಐದನೇ ಮಹಡಿಯಿಂದ ಬಿದ್ರೂ ಏನೂ ಆಗಲ್ಲ ಅಜ್ಜಿ!"

"ಐದನೇ ಮಹಡಿಯಿಂದ ಯಾಕೆ ಬೀಳುತ್ತೇ? ನೀನೂ ಬಾ ಅಂತ ನನ್ನ ಮಾತ್ರ ಕರೀಬೇಡ ತಾಯಿ. ನನ್ನ ಕಾಲು ನೆಲ ಬಿಡೋದು ಒಂದೇ ಸಲ, ಆವತ್ತು ನಾಲ್ಕು ಜನ ಹೊತ್ಕೊಂಡಿರ್ತಾರೆ."

ಕಾರ್ಖಾನೆಯಲ್ಲಿ ಮೇಸ್ತ್ರಿಯೂ ಇದನ್ನೇ ಹೇಳುತ್ತಿದ್ದ. ಟೇಪಿನ ತುದಿಯನ್ನು ಒಂದಿಷ್ಟು ಮಡಿಸಿ ಬಾಲ ಬಿಡಬೇಕು, ಕಟ್ಟುವವಳು ಬಿಚ್ಚುವವಳನ್ನೂ ನೆನೆಯಬೇಕು ಎಂದು. ಬಾಲ ಬಿಟ್ಟರೆ ಪೆಟ್ಟಿಗೆಯ ಅಂದ ಕೆಡುತ್ತದೆಂದು ಚಿಕ್ಕಮ್ಮನ ವಾದ. ಐದು ವರ್ಷದಲ್ಲಿ ಅವಳು ಸಾವಿರಾರು ಪೆಟ್ಟಿಗೆ ಮುಚ್ಚಿದ್ದಳು. ಒಂದನ್ನೂ ಬಿಚ್ಚಿರಲಿಲ್ಲ.

ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಅಧಿಕಾರಿ, ಮೀಸೆ ತಿರುವಿದ ಗಂಭೀರ ಮನುಷ್ಯ, ಡಬ್ಬವನ್ನು ತಿರುಗಿಸಿ ಮುರುಗಿಸಿ ನೋಡಿದ. "ಏನಮ್ಮ ಇದು?"

"ಹಾಲಿನ ಪುಡಿ ಸಾರ್."

"ಹಾಲಿನ ಪುಡಿಗೆ ಇಷ್ಟೊಂದು ಕಾವಲಾ? ಬಿಚ್ಚಿ."

ಚಿಕ್ಕಮ್ಮ ಜೇಬಿನಿಂದ ಸಲೀಸಾಗಿ ಬ್ಲೇಡಿನ ಕಟರ್ ತೆಗೆದು ಪರ್ ಎಂದು ಟೇಪು ಕೊಯ್ದಳು. ಅಧಿಕಾರಿಯ ಹುಬ್ಬು ಹಣೆಯ ಮೇಲಕ್ಕೆ ಹೋಯಿತು. ಒಳಗಿದ್ದದ್ದನ್ನೆಲ್ಲ ನೋಡಿ, ವಾಸನೆ ನೋಡಿ, ಸರಿ ಅಂದ. ಬಿಚ್ಚಿದ ಪೆಟ್ಟಿಗೆಯನ್ನು ಹಾಗೇ ಬಿಡುವುದು ಚಿಕ್ಕಮ್ಮನ ಕೈಗೆ ಗೊತ್ತೇ ಇಲ್ಲ. ಚೀಲದಿಂದ ಟೇಪಿನ ಸುರುಳಿ ಬಂತು. ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು. ಕಟರಿನಿಂದ ಕಚಕ್. ಹೆಬ್ಬೆರಳಿನಿಂದ ತುದಿ ಒತ್ತಿ, ಉಗುರಿನಿಂದ ತೀಡಿ, ಎಲ್ಲಿ ಶುರು ಎಲ್ಲಿ ಕೊನೆ ಎಂದು ಬ್ರಹ್ಮನಿಗೂ ತಿಳಿಯದ ಹಾಗೆ ಮಾಡಿದಳು.

"ಆಯ್ತಾ?" ಅಂದ ಅಧಿಕಾರಿ. "ಈಗ ಆ ಕಟರ್ ಈ ಬುಟ್ಟೀಲಿ ಹಾಕಿ. ಅದು ವಿಮಾನ ಹತ್ತಂಗಿಲ್ಲ."

ಹಾಕಿದಳು. ಅವಳ ಮನಸ್ಸೆಲ್ಲ ಗಾಜಿನಾಚೆ ನಿಂತಿದ್ದ ಬೆಳ್ಳನೆಯ ವಿಮಾನದ ಮೇಲಿತ್ತು. ಗುಂಡುಕಲ್ಲಿನ ಮನಸ್ಸೆಲ್ಲ ಡಬ್ಬದ ಕೆಂಪು ಚೀಟಿಯ ಮೇಲಿತ್ತು. ಒಂದು ಮೂಲೆಯನ್ನು ಅವನು ಆಗಲೇ ಕಿತ್ತಿದ್ದ.

ಕಿಟಕಿಯ ಪಕ್ಕದ ಸೀಟು ಅವಳದು. ಪಕ್ಕದಲ್ಲಿ ಒಬ್ಬ ಲಾರಿ ಡ್ರೈವರು, ಬಾಗಿಲಿನಷ್ಟು ಅಗಲದ ಆಳು. ಸೀಟಿನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಕೂತಿದ್ದ. ವಿಮಾನ ಇನ್ನೂ ನಿಂತೇ ಇತ್ತು.

"ಮೊದಲ ಸಲಾನಾ ಅಣ್ಣಾ?"

"ಇಪ್ಪತ್ತೆಂಟು ವರ್ಷ ಗಾಡಿ ಓಡಿಸಿದೀನಿ ತಂಗಿ. ಬೇರೆಯವರು ಓಡಿಸೋ ಗಾಡೀಲಿ ಕೂತಿಲ್ಲ. ಇಲ್ನೋಡು, ಬ್ರೇಕೂ ಇಲ್ಲ" ಎಂದು ಬಲಗಾಲಿನಿಂದ ನೆಲವನ್ನು ಒತ್ತಿ ತೋರಿಸಿದ.

ಗಗನಸಖಿ ಒಂದು ಪುಟ್ಟ ಬೆಲ್ಟು ತಂದಳು. ಅಷ್ಟರಲ್ಲಿ ಚಿಕ್ಕಮ್ಮ ಜಾಣತನದಿಂದ ತನ್ನ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿ ಬಿಗಿದುಕೊಂಡಿದ್ದಳು.

"ಅಯ್ಯೋ, ಹಾಗೆ ಮಾಡಬಾರದು. ಜೋರಾಗಿ ಕುಲುಕಿದ್ರೆ ನಿಮ್ಮ ಭಾರ ಎಲ್ಲಾ ಮಗು ಮೇಲೆ ಬೀಳುತ್ತೆ. ಇದು ಅವನದು. ನಿಮ್ಮ ಬೆಲ್ಟಿನಲ್ಲಿ ಹೀಗೆ ಪೋಣಿಸಿ, ಅವನಿಗೆ ಬೇರೆಯಾಗಿ ಹಾಕ್ಬೇಕು."

ಚಿಕ್ಕಮ್ಮ ನಾಲಿಗೆ ಕಚ್ಚಿಕೊಂಡಳು. ಎರಡು ಲೋಟವನ್ನು ಒಂದೇ ಹಾಳೆಯಲ್ಲಿ ಸುತ್ತಬಾರದು ಎಂಬುದು ಕೆಲಸಕ್ಕೆ ಸೇರಿದ ಮೊದಲ ದಿನದ ಪಾಠವಲ್ಲವೇ!

ವಿಮಾನ ಓಡಿತು, ಓಡಿತು, ನೆಲ ಬಿಟ್ಟಿತು. ಮೊದಲೇ ಕಲಸಿಟ್ಟ ಬಾಟಲಿಯನ್ನು ಚಿಕ್ಕಮ್ಮ ಗುಂಡುಕಲ್ಲಿನ ಬಾಯಿಗಿಟ್ಟಳು. ಅವನು ಗುಟುಕು ಗುಟುಕಾಗಿ ಕುಡಿಯುತ್ತ, ಇದೇನು ಮಹಾ ಎನ್ನುವಂತೆ ಮೋಡ ನೋಡಿದ. ಡ್ರೈವರು ಕಣ್ಣು ಮುಚ್ಚಿ ಕಾಲ್ಪನಿಕ ಬ್ರೇಕನ್ನು ತುಳಿಯುತ್ತಲೇ ಇದ್ದ. ಬಾಟಲಿ ಖಾಲಿಯಾಯಿತು, ರಾಜಕುಮಾರ ನಿದ್ದೆಹೋದ. ಚಿಕ್ಕಮ್ಮ ಅವನ ಮೇಲಿನ ಅಂಗಿ ಸಡಿಲಿಸಿ, ಕಿಟಕಿಗೆ ಹಣೆಯಾನಿಸಿ, ಅಜ್ಜಿಯ ಕಥೆಗಳಲ್ಲಿ ಮೋಡದ ಮೇಲೆ ಬಟ್ಟೆ ಒಣಹಾಕುತ್ತಿದ್ದ ಮುದುಕಿಯನ್ನು ಹುಡುಕತೊಡಗಿದಳು. ಎರಡು ಗಂಟೆ ಹೇಗೆ ಸರಿಯಿತೋ. ಮುದುಕಿ ಸಿಗುವಷ್ಟರಲ್ಲಿ ವಿಮಾನ ಇಳಿಯಲು ಶುರುಮಾಡಿದೆ ಎಂಬ ಪ್ರಕಟಣೆ ಬಂತು.

ಅವಳು ಮಗುವನ್ನು ಮೆಲ್ಲಗೆ ಎಬ್ಬಿಸಿದಳು. ಡಬ್ಬ ತೆಗೆದಳು. ಕೈ ತಾನಾಗಿ ಜೇಬಿಗೆ ಹೋಯಿತು.

ಜೇಬು ಖಾಲಿ.

ಉಗುರು ಹಾಕಿದಳು, ಟೇಪಿನ ತುದಿ ಸಿಗಲಿಲ್ಲ. ಹಲ್ಲು ಹಾಕಿದಳು, ನಾರು ಜಗ್ಗಲಿಲ್ಲ. ಐದನೇ ಮಹಡಿಯಿಂದ ಬಿದ್ದರೂ ಏನೂ ಆಗದ ಪೆಟ್ಟಿಗೆ ಅದು. ಅವಳ ಹಲ್ಲಿಗೆ ಹೆದರೀತೇ? ಹಾಲು ಕಲಸಲೆಂದು ತಂದಿದ್ದ ಫ್ಲಾಸ್ಕಿನ ನೀರನ್ನೇ ಖಾಲಿ ಬಾಟಲಿಗೆ ಸುರಿದು ಕೊಟ್ಟಳು. ರಾಜಕುಮಾರ ಒಂದು ಗುಟುಕು ಕುಡಿದು, ಮೋಸ ಎಂದು ತಿಳಿದು, ಫುರ್ ಎಂದು ಉಗಿದ. ಅದು ನೇರ ಡ್ರೈವರಿನ ಕೆನ್ನೆಗೆ. ಆಮೇಲೆ ಕಿವಿ ಹಿಡಿದುಕೊಂಡ. ಕೆಳತುಟಿ ಮುಂದಕ್ಕೆ ಬಂತು. ಬಂತು ಬಂತು, ಜಾರುಬಂಡೆಯಷ್ಟು ಬಂತು. ವಿಮಾನವೆಲ್ಲ ಬೆಚ್ಚುವಂತೆ ಕಿರುಚಿದ.

ಡ್ರೈವರು ಒಂದು ಕಣ್ಣು ತೆರೆದ. "ಚೀಪೋಕೆ ಏನಾದ್ರೂ ಕೊಡು ತಂಗಿ! ಪಾಪ, ಕಿವಿ ನೋಯ್ತಿದೆ."

"ಇದರೊಳಗಿದೆ ಅಣ್ಣಾ! ಬಿಚ್ಚೋಕೆ ಬರ್ತಿಲ್ಲ!"

"ಯಾವ ಪುಣ್ಯಾತ್ಮ ಕಟ್ಟಿದ್ದು ಇದನ್ನ?"

"ನಾನೇ!" ಎಂದು ಅವಳು ಅಳುವೋ ನಗುವೋ ತಿಳಿಯದ ದನಿಯಲ್ಲಿ ಅಂದಳು. "ನಿಮ್ಮ ಹತ್ರ ಕೀ ಏನಾದ್ರೂ ಇದ್ಯಾ?"

"ಲಾರಿ ಕೀ ಇದೆ, ಜೇಬಲ್ಲಿ. ಆದ್ರೆ ಕೈ ಬಿಟ್ರೆ..."

"ಕೈ ಬಿಟ್ರೆ ಏನಾಗುತ್ತೆ?"

"ನಾನು ಹಿಡ್ಕೊಂಡಿರೋದ್ರಿಂದ್ಲೇ ಇದು ಮೇಲಿದೆ ಅನ್ಸುತ್ತೆ."

ಗುಂಡುಕಲ್ಲು ಇನ್ನೊಂದು ಕಿರುಚು ಕಿರುಚಿದ. ಡ್ರೈವರು ದೇವರನ್ನು ನೆನೆದು, ಮೊದಲು ಕಿರುಬೆರಳು, ಆಮೇಲೆ ಒಂದೊಂದೇ ಬೆರಳು ಬಿಡಿಸಿ, ಒಂದು ಕೈ ಬಿಟ್ಟ. ವಿಮಾನ ಬೀಳಲಿಲ್ಲ. ಅವನಿಗೆ ಅದು ದೊಡ್ಡ ಆಶ್ಚರ್ಯ. ಇನ್ನೊಂದು ಕೈಯನ್ನೂ ಬಿಟ್ಟ. ಆಗಲೂ ಬೀಳಲಿಲ್ಲ. "ಅರೆ!" ಎಂದು ಕೀ ತೆಗೆದು ಡಬ್ಬ ಕಿತ್ತುಕೊಂಡು ಗರಗಸದಂತೆ ಉಜ್ಜತೊಡಗಿದ.

ಅಲ್ಲಿಯ ತನಕ ಈ ಕಿವಿಯನ್ನು ಏನು ಮಾಡುವುದು? ಡಾಕ್ಟರು ಆಕಳಿಕೆ ಅಂದದ್ದು ಚಿಕ್ಕಮ್ಮನಿಗೆ ಹೊಳೆಯಿತು. ಅಜ್ಜಿಯ ಕಥೆಯ ಗಾಳಿ ನುಂಗಿದ ಕರಡಿ ನೆನಪಾಯಿತು. ಅವಳು ಗುಂಡುಕಲ್ಲಿನ ಮುಖದೆದುರು ಬಾಯಿಯನ್ನು ಗುಹೆಯಷ್ಟು ತೆರೆದು, "ಆಆಆ...ಹ್ವಾ!" ಎಂದು ಆಕಳಿಸಿದಳು. ಅವನು ಕಿರುಚುವುದನ್ನು ಅರ್ಧಕ್ಕೆ ನಿಲ್ಲಿಸಿ ನೋಡಿದ. ಆಕಳಿಕೆ ಎಂಬುದು ಅಂಟುಜಾಡ್ಯ. ಟೇಪು ಉಜ್ಜುತ್ತಿದ್ದ ಡ್ರೈವರಿಗೆ ತಗುಲಿತು, ಅವನ ಬಾಯಿ ಲಾರಿಯ ಬಾನೆಟ್ಟಿನಂತೆ ತೆರೆದುಕೊಂಡಿತು. ಮುಂದಿನ ಸೀಟಿನಿಂದ ಏನಾಯಿತೆಂದು ತಿರುಗಿ ನೋಡಿದ ಹೆಂಗಸಿಗೆ ತಗುಲಿತು. ತನ್ನ ಸೀಟಿನಲ್ಲಿ ಬೆಲ್ಟು ಹಾಕಿ ನೆಟ್ಟಗೆ ಕೂತಿದ್ದ ಗಗನಸಖಿ ಕೈ ಅಡ್ಡ ಹಿಡಿದಳು, ಪ್ರಯೋಜನವಾಗಲಿಲ್ಲ. ಎತ್ತ ನೋಡಿದರೂ ಬಾಯಿ! ಗುಂಡುಕಲ್ಲು ಒಂದು ಬಾಯಿ ನೋಡಿದ, ಇನ್ನೊಂದು ಬಾಯಿ ನೋಡಿದ, ಡ್ರೈವರಿನ ಚಿನ್ನದ ಹಲ್ಲು ನೋಡಿದ, ಕಣ್ಣಲ್ಲಿ ನೀರು ತುಂಬಿಕೊಂಡೇ ಕೇಕೆ ಹಾಕಿ ನಕ್ಕ.

ಅಷ್ಟರಲ್ಲಿ ಆರನೇ ಸುತ್ತು ಹರಿಯಿತು. "ಬಂತು!" ಎಂದು ಡ್ರೈವರು ಕೂಗಿದ. ಚೀಪುವ ನಿಪ್ಪಲ್ ರಾಜಕುಮಾರನ ಬಾಯಿ ಸೇರಿತು. ಚಕ್ರ ನೆಲ ಮುಟ್ಟಿದಾಗ ಡ್ರೈವರು ಪೂರ್ತಿ ಬ್ರೇಕು ತುಳಿದ. ವಿಮಾನ ನಿಂತಿತು.

"ನಿಂತದ್ದು ನೋಡಿದ್ಯಾ ತಂಗಿ?" ಎಂದು ಎದೆಯುಬ್ಬಿಸಿ ಕೇಳಿದ.

"ನೀವಿಲ್ದಿದ್ರೆ ಆಗ್ತಾನೇ ಇರ್ಲಿಲ್ಲ ಅಣ್ಣಾ" ಎಂದಳು ಅವಳು. ಸುಳ್ಳೇನೂ ಅಲ್ಲ.

ಹೊರಬಾಗಿಲಿನ ಸರಳಿನಾಚೆ ಅಕ್ಕ ನಿಂತಿದ್ದಳು, ಬಿಳಿ ಸಮವಸ್ತ್ರದಲ್ಲೇ, ಕೆಲಸ ಮುಗಿಸಿ ಹಾಗೇ ಓಡಿಬಂದವಳು. ಹಿಂದೆ ಭಾವ. ಅಕ್ಕ ಕೈ ಚಾಚಿದಳು.

ಗುಂಡುಕಲ್ಲು ಅವಳನ್ನು ನೋಡಿದ. ಚೀಪುವುದು ನಿಂತಿತು. ಪರಿಚಯವಿಲ್ಲದವರನ್ನು ನೋಡುವ ಹಾಗೆ, ಕಣ್ಣು ಮಿಟುಕಿಸದೆ ನೋಡಿದ. ಕೆಳತುಟಿ ಮೆಲ್ಲಗೆ ಹೊರಟಿತು. ಅಕ್ಕನ ಮುಖ ಬಿಳಿಚಿಕೊಂಡಿತು. ಚಾಚಿದ ಕೈ ಒಂಚೂರು ಹಿಂದೆ ಸರಿಯಿತು.

ಚಿಕ್ಕಮ್ಮ ಮಗುವನ್ನು ನೋಡಿದಳು. ಹದಿನೇಳು ದಿನ ಅವಳ ಹೆಗಲ ಮೇಲೇ ಮಲಗಿದವನು. ಈಗಲೂ ಅವಳ ಕುರ್ತಾವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ತಾನೇ ಎಷ್ಟು ಬಿಗಿಯಾಗಿ ಅಪ್ಪಿಕೊಂಡಿದ್ದೇನೆ ಎಂದು ಅವಳಿಗೆ ಆಗ ಗೊತ್ತಾಯಿತು. ಡಬ್ಬದ ಟೇಪಿನಂತೆಯೇ, ಮಡಿಸಿದ ತುದಿಯಿಲ್ಲ, ಬಾಲವಿಲ್ಲ. ಅವಳು ತೋಳು ಸಡಿಲಿಸಿದಳು. ಮಗುವನ್ನು ಅಕ್ಕನ ಕಡೆಗೆ ತಿರುಗಿಸಿ ಹಿಡಿದಳು.

"ಆಕಳಿಸು" ಎಂದು ಪಿಸುಗುಟ್ಟಿದಳು.

"ಏನು?"

"ಆಕಳಿಸೇ! ದೊಡ್ಡದಾಗಿ! ಪ್ರಶ್ನೆ ಕೇಳಬೇಡ!"

ಅಕ್ಕ ಏನೂ ಅರ್ಥವಾಗದೆ, ಕಣ್ಣೀರು ಸುರಿಸುತ್ತಲೇ, ಅಷ್ಟಗಲ ಬಾಯಿ ತೆರೆದಳು. "ಆಆಆ...ಹ್ವಾ!"

ಗುಂಡುಕಲ್ಲಿನ ತುಟಿ ನಡುದಾರಿಯಲ್ಲಿ ನಿಂತಿತು. ಮುಂದಕ್ಕೆ ಬಗ್ಗಿ, ಬೆರಳನ್ನು ಆ ಬಾಯೊಳಗಿಟ್ಟು ಹಲ್ಲು ಮುಟ್ಟಿ ನೋಡಿದ. ಆ ಬೆರಳನ್ನು ಅಕ್ಕ ತುಟಿಯಿಂದ ಮೆಲ್ಲಗೆ ಕಚ್ಚಿದಳು, ದಿನಾ ಹಾಲು ಕುಡಿಸಿ ಕಚ್ಚುತ್ತಿದ್ದ ಹಾಗೆಯೇ. ಅವನ ಬಾಯಿಂದ ನಿಪ್ಪಲ್ ಜಾರಿ ಬಿತ್ತು. ಎರಡೂ ಹಲ್ಲು ಕಾಣುವಂತೆ, ಕೆನ್ನೆಯಲ್ಲಿ ಕಣ್ಣು ಮುಚ್ಚಿಹೋಗುವಂತೆ ನಕ್ಕು, ಎರಡೂ ಕೈ ಚಾಚಿ, ಇಡೀ ಭಾರ ಹಾಕಿ ಅಮ್ಮನ ಮೇಲೆ ಬಿದ್ದ.

"ಅಬ್ಬಾ, ಸೊಂಟ!" ಎಂದು ಅಕ್ಕ ಅಳುತ್ತ ನಗುತ್ತ ಕೂಗಿದಳು. ಅವನ ಬೆನ್ನು ಸವರಿದಾಗ ಕೈಗೆ ಏನೋ ಅಂಟಿತು. ಕೆಂಪು ಚೀಟಿ: ಒಡೆಯುವ ವಸ್ತು, ಜೋಪಾನ. ಎಲ್ಲಿ, ಯಾವಾಗ ಅಂಟಿಕೊಂಡಿತ್ತೋ. ಅಕ್ಕ ಓದಿದಳು, ತಂಗಿಯ ಮುಖ ನೋಡಿದಳು, ಮೂಗೊರೆಸಿಕೊಂಡು ಅಂದಳು:

"ತಲುಪಿತು ಕಣೇ. ಒಂದು ಬಿರುಕೂ ಇಲ್ಲ."