ಮೂಗುಬೊಟ್ಟು ತೆಗೆಯುವ ಕೈ

ಮೈದಾನದಲ್ಲಿ ನಾನು ಕಟ್ಟುನಿಟ್ಟಿನ ಮನುಷ್ಯ. ಹರಪನಹಳ್ಳಿ ತಾಲ್ಲೂಕಿನ ಯಾವ ಶಾಲೆಯ ಹುಡುಗಿಯನ್ನು ಬೇಕಾದರೂ ಕೇಳಿ ನೋಡಿ, ಪ್ರಬುದ್ಧ ಸರ್ ಅಂಪೈರಾದರೆ ಕಾಲುಚೈನೂ ಬಿಡುವುದಿಲ್ಲ, ಉಗುರೂ ಬಿಡುವುದಿಲ್ಲ ಎನ್ನುತ್ತಾಳೆ. ಹದಿನಾಲ್ಕು ವರ್ಷದಿಂದ ದೈಹಿಕ ಶಿಕ್ಷಕನಾಗಿದ್ದೇನೆ. ಕಿಸೆಯಲ್ಲಿ ಪೀಪಿ ಮರೆತರೂ ನೇಲ್ ಕಟ್ಟರ್ ಮರೆತವನಲ್ಲ. ಕಬಡ್ಡಿ ಆಡುವವರ ಮೈಮೇಲೆ ಒಡವೆ ಇರಕೂಡದು ಎಂದು ನಿಯಮವಿದೆ. ಸುಮ್ಮನೆ ಬರೆದದ್ದಲ್ಲ ಅದು. ಒಬ್ಬ ಹುಡುಗಿಯ ಓಲೆ ಇನ್ನೊಬ್ಬಳ ಬೆರಳಿಗೆ ಸಿಕ್ಕಿ ಕಿವಿ ಹರಿದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಇಂಥ ನನ್ನ ಸ್ವಂತ ತಂಡದಲ್ಲೇ ಎರಡು ವರ್ಷದಿಂದ ಒಬ್ಬಳು ಮೂಗುಬೊಟ್ಟು ಹಾಕಿಕೊಂಡು ಆಡುತ್ತಿದ್ದಳು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಿಜ. ಹುಲುಗಮ್ಮ ಎಂದು ಅವಳ ಹೆಸರು, ಹತ್ತನೇ ತರಗತಿ. ಇದೇ ತಾಲ್ಲೂಕಿನ ಅರಸೀಕೆರೆ ಕಡೆಯ ನಮ್ಮ ಹಳ್ಳಿ ಶಾಲೆಗೆ ಅಂಥ ರೈಡರ್ ಹಿಂದೆ ಬಂದಿರಲಿಲ್ಲ. ಮೊದಲ ಸಲ ತೆಗೆಯಲು ಹೇಳಿದಾಗ 'ಅವ್ವ ಬೈತಾಳ್ರಿ ಸರ್' ಎಂದಳು. ಅವ್ವ ಗೀತಮ್ಮನನ್ನು ಕರೆಸಿ ಕೇಳಿದರೆ 'ಅದು ಬರಾಂಗಿಲ್ರಿ ಸರ್' ಎಂದು ನೆಲ ನೋಡಿದಳು. ತಿರುಪು ಜಾಮ್ ಆಗಿರಬೇಕು ಎಂದುಕೊಂಡು ನಾನು ಅದರ ಮೇಲೊಂದು ಪ್ಲಾಸ್ಟರ್ ಪಟ್ಟಿ ಅಂಟಿಸಿದೆ. ವಲಯ ಮಟ್ಟದ ಅಂಪೈರುಗಳೆಲ್ಲ ನನ್ನ ಗೆಳೆಯರು. ನೋಡಿಯೂ ನೋಡದ ಹಾಗೆ ಇದ್ದರು.

ಈ ಸಲ ತಾಲ್ಲೂಕು ಮಟ್ಟದ ಫೈನಲ್‌ಗೆ ಬಂದೆವು. ಹರಪನಹಳ್ಳಿ ಮೈದಾನ, ಬೆಳಿಗ್ಗೆ ಹನ್ನೊಂದು ಗಂಟೆ. ಅಂಪೈರಾಗಿ ಬಂದವನು ಇನ್ನೊಂದು ಶಾಲೆಯ ದೈಹಿಕ ಶಿಕ್ಷಕ ಓಬಳೇಶ. ಮೂರು ವರ್ಷದ ಹಿಂದೆ ಇವನ ತಂಡದ ಹುಡುಗಿಯೊಬ್ಬಳು ಅಕ್ಕನ ಮದುವೆ ಮುಗಿಸಿ, ಕೈತುಂಬ ಹಸಿರು ಬಳೆ ತೊಟ್ಟು ಬಂದಿದ್ದಳು. ಸೋಪು ಹಚ್ಚಿದರೂ ಬಳೆ ಬರಲಿಲ್ಲ, ಒಡೆಯಲು ಅವಳು ಒಪ್ಪಲಿಲ್ಲ. ನಾನು ಅವಳನ್ನು ಹೊರಗೆ ಕೂರಿಸಿದ್ದೆ. ಓಬಳೇಶನ ತಂಡ ಅವತ್ತು ಸೋತಿತ್ತು.

ಅವನು ಸಾಲಾಗಿ ನಿಂತ ಹುಡುಗಿಯರ ಕೈ ನೋಡಿದ, ಕಿವಿ ನೋಡಿದ. ಹುಲುಗಮ್ಮನ ಮುಂದೆ ನಿಂತು ಪ್ಲಾಸ್ಟರ್ ಕಿತ್ತ.

"ಏನ್ರಿ ಪ್ರಬುದ್ಧ ಸರ್, ಇದು?"

"ಅದು ಬರಾಂಗಿಲ್ರಿ. ಪಟ್ಟಿ ಹಾಕೀವಲ್ಲ."

"ಬಳಿನೂ ಬರ್ತಿದ್ದಿಲ್ಲ ಬಿಡ್ರಿ ಅವತ್ತು," ಎಂದ ಓಬಳೇಶ. ಸಿಟ್ಟೂ ಇಲ್ಲ, ವ್ಯಂಗ್ಯವೂ ಇಲ್ಲ, ಮುಖದ ತುಂಬ ಸಂತೋಷ ಮಾತ್ರ. "ಈಗ ಹುಡುಗ್ರ ಫೈನಲ್ ಮೊದ್ಲು ಆಡಸ್ತೀನಿ. ಅದು ಮುಗಿಯೋದ್ರಾಗ ತೆಗಿಸ್ರಿ. ಇಲ್ಲಾಂದ್ರ ಈಕಿ ಹೊರಗ. ನಿಯಮ ನೀವ ಕಲಿಸಿದ್ದು."

ಮುಕ್ಕಾಲು ಗಂಟೆ ಸಿಕ್ಕಿತು. ನಮ್ಮಲ್ಲಿ ಇದ್ದದ್ದು ಏಳೇ ಜನ, ಎಂಟನೆಯವಳ ಕಾಲು ಉಳುಕಿತ್ತು. ಅದಕ್ಕಿಂತ ದೊಡ್ಡ ಮಾತೆಂದರೆ, ಜಿಲ್ಲಾ ಮಟ್ಟಕ್ಕೆ ಹೋಗಲು ಹುಲುಗಮ್ಮನಿಗೆ ಇದೇ ಕೊನೆಯ ವರ್ಷ. ಗೆದ್ದ ತಂಡಕ್ಕಷ್ಟೇ ಹೊಸಪೇಟೆಯ ದಾರಿ.

ಗೀತಮ್ಮ ಬೇವಿನ ಮರದ ಕೆಳಗೆ ಹುಡುಗಿಯರ ಬುತ್ತಿ ಕಾಯುತ್ತ ಕೂತಿದ್ದಳು. ಹೋಗಿ ಹೇಳಿದೆ. ಅವಳು ಸೆರಗು ಎಳೆದು ಹೊದ್ದುಕೊಂಡಳು.

"ಎಣ್ಣಿ ಹಚ್ಚಿ ತಿರುವಿದ್ರ ಬರ್ತೈತಮ್ಮ. ಕೊಡ್ರಿ, ನಾನ ತೆಗಿತೀನಿ."

"ಬಿಡ್ತು ಅನ್ರಿ ಸರ್!" ಎಂದು ಎದ್ದೇ ನಿಂತಳು. "ತಿರುಪು ಚಲೋ ಐತ್ರಿ. ಅದನ್ನ ನೀವೂ ತೆಗಿಯಂಗಿಲ್ಲ, ನಾನೂ ತೆಗಿಯಂಗಿಲ್ಲ. ಹಾಕಿದಾಕಿನ ತೆಗಿಬೇಕು."

ಎರಡು ವರ್ಷದ ಮೇಲೆ ಅವತ್ತು ಪೂರ್ತಿ ಕಥೆ ಹೊರಗೆ ಬಂತು. ಹುಲುಗಮ್ಮನಿಗಿಂತ ಮುಂಚೆ ಗೀತಮ್ಮನಿಗೆ ಮೂರು ಮಕ್ಕಳು ಹುಟ್ಟಿ, ಮೂರೂ ತಿಂಗಳು ತುಂಬುವುದರೊಳಗೆ ಹೋಗಿದ್ದವು. ನಾಲ್ಕನೆಯದು ಹುಟ್ಟಿದ ದಿನ ಹಿರಿಯರು ಕೂಸನ್ನು ಮೊರದಲ್ಲಿ ಮಲಗಿಸಿ, ಹೊಸ್ತಿಲ ಆಚೆ ನಿಂತ ಪಕ್ಕದ ಮನೆಯ ಅನ್ನದಾನಮ್ಮನಿಗೆ ಮಾರಿದರು. ಬೆಲೆ ಒಂದು ಸೇರು ತೌಡು. ಕೂಸು ಇನ್ನು ಗೀತಮ್ಮನದಲ್ಲ, ಆದ್ದರಿಂದ ಗೀತಮ್ಮನ ಮಕ್ಕಳ ಮೇಲೆ ಬಿದ್ದ ಕಣ್ಣು ಇದರ ಮೇಲೆ ಬೀಳುವುದಿಲ್ಲ ಎಂಬ ಲೆಕ್ಕ. ಕೊಂಡವಳು ಗುರುತಿಗೆ ಮೂಗು ಚುಚ್ಚಿಸಿ ಬೊಟ್ಟು ಹಾಕಬೇಕು. ಹುಡುಗಿ ಬೆಳೆದಂತೆ ಬದಲಾಯಿಸುವವಳೂ ಅವಳೇ. ಕೊನೆಗೆ ಮದುವೆಯ ದಿನ ಅವಳೇ ತೆಗೆದು ಹೆತ್ತವಳ ಕೈಗೆ ಕೊಡಬೇಕು. ಅಲ್ಲಿಗೆ ವ್ಯಾಪಾರ ಮುಗಿದು ಮಗಳು ಮನೆಗೆ ವಾಪಸ್. ಅಲ್ಲಿಯವರೆಗೆ ಸಾಕುವುದು ಹೆತ್ತವಳೇ, ಹಾಲೂಡುವುದೂ ಅವಳೇ.

"ಹಂಗಾದ್ರ ಅನ್ನದಾನಮ್ಮನ್ನ ಕರೀರಿ!"

ಗೀತಮ್ಮ ಮತ್ತೆ ನೆಲ ನೋಡಿದಳು. ಹುಲುಗಮ್ಮನೇ ಬಾಯಿಬಿಟ್ಟಳು. "ಅವರಿಬ್ರೂ ಮಾತಾಡಂಗಿಲ್ರಿ ಸರ್. ಎರಡು ವರ್ಷಾತು."

ಜಗಳ ಹುಟ್ಟಿದ್ದು ನನ್ನಿಂದಲೇ ಎಂದು ತಿಳಿದಾಗ ನನಗೆ ಇನ್ನಷ್ಟು ಕಸಿವಿಸಿಯಾಯಿತು. ಎಂಟನೇ ತರಗತಿಯಲ್ಲಿ ಹುಲುಗಮ್ಮನಿಗೆ ಬೂಟು ತರಲು ಹೇಳಿದ್ದೆ. ಗೀತಮ್ಮ ಮುಂದಿನ ತಿಂಗಳು ಎಂದಿದ್ದಳು. ಅಷ್ಟರಲ್ಲಿ ಅನ್ನದಾನಮ್ಮ ಯಾರನ್ನೂ ಕೇಳದೆ ಕೆಂಪು ಬೂಟು ತಂದು, ನಲ್ಲಿಯ ಹತ್ತಿರ ನೆರೆದ ಹೆಂಗಸರ ಮುಂದೆ 'ನನ್ನ ಮಗಳು ಆಡ್ತಾಳ' ಎಂದು ತೋರಿಸಿದಳಂತೆ. ಗೀತಮ್ಮನಿಗೆ ಮೈಯೆಲ್ಲ ಉರಿಯಿತು. 'ತೌಡಿಗೆ ಕೊಂಡಾಕಿ ತಾಯಿ ಆಗ್ತಾಳೇನು' ಎಂದುಬಿಟ್ಟಳು. ಅನ್ನದಾನಮ್ಮನಿಗೆ ಮಕ್ಕಳಿಲ್ಲ. ಆ ಮಾತು ಕೇಳಿ ಕೊಡ ಅಲ್ಲೇ ಬಿಟ್ಟು ಮನೆಗೆ ಹೋದವಳು, ಆ ವರ್ಷವೇ ಹರಪನಹಳ್ಳಿಯ ತಮ್ಮನ ಮನೆ ಸೇರಿದಳು. ಈಗ ಇಲ್ಲೇ ಮಾರುಕಟ್ಟೆ ಯಾರ್ಡಿನಲ್ಲಿ ಮೆಕ್ಕೆಜೋಳ ಸಾಣಿಸುತ್ತಾಳೆ.

ನಾನು ಸಿಟ್ಟಿನ ಮನುಷ್ಯ. "ಒಂದು ಗುಂಜಿ ಬಂಗಾರಕ್ಕ ಹುಡುಗಿ ಆಟ ಹಾಳು ಮಾಡ್ತೀರೇನ್ರಿ? ಹದಿನಾರು ವರ್ಷ ಆತು, ಕಲ್ಲಿನಂಗ ಗಟ್ಟಿ ಅದಾಳ. ಯಾವ ಕಣ್ಣು ಬೀಳ್ತೈತಿ ಈಗ?" ಎಂದು ಕೂಗಾಡಿದೆ.

ಗೀತಮ್ಮ ತಿರುಗಿ ಬೈದಿದ್ದರೆ ಚೆನ್ನಾಗಿತ್ತು. "ಮೂರು ಕುಣಿ ತೋಡೀವಿ ಸರ್," ಎಂದಳು ಅಷ್ಟೇ.

ನಮ್ಮದು ಬುದ್ಧನ ಫೋಟೋ ಇಟ್ಟುಕೊಂಡ ಮನೆ. ಹರಕೆ, ದೃಷ್ಟಿ ಇವನ್ನೆಲ್ಲ ನಮ್ಮ ತಾತನ ಕಾಲಕ್ಕೇ ಹೊರಗೆ ಹಾಕಿದವರು ನಾವು. ಸಭೆಯಲ್ಲಿ ನಿಲ್ಲಿಸಿದರೆ ಮೂಢನಂಬಿಕೆಯ ಮೇಲೆ ಒಂದು ಗಂಟೆ ಮಾತಾಡಬಲ್ಲೆ. ಆ ಮೂರು ಶಬ್ದ ಕೇಳಿ ಎತ್ತಿದ ಕೈ ಇಳಿಸಿದೆ. ಹುಲುಗಮ್ಮ ನನ್ನನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಿ, "ನನಗೇನಿಲ್ರಿ ಸರ್, ಈಗ ಕಿತ್ತು ಒಗಿತೀನಿ. ಆದ್ರ ಅವ್ವ ನಿದ್ದಿ ಮಾಡಂಗಿಲ್ಲ. ನಾ ಒಂದು ಸೀನು ಸೀನಿದ್ರೂ ಆಕಿ ಎದ್ದು ಕೂಡ್ತಾಳ. ಬ್ಯಾಡ್ರಿ, ನಾ ಹೊರಗ ಕೂಡ್ತೀನಿ," ಎಂದಳು. ಹೇಳುವಾಗ ಅವಳ ಕಣ್ಣು ಅಂಕಣದ ಸುಣ್ಣದ ಗೆರೆಯ ಮೇಲೇ ಇತ್ತು.

ನಾನು ಬೈಕ್ ಹತ್ತಿದೆ.

ಯಾರ್ಡಿನಲ್ಲಿ ಮೆಕ್ಕೆಜೋಳದ ರಾಶಿಗಳ ನಡುವೆ ಹತ್ತು ಹದಿನೈದು ಹೆಂಗಸರು ತಲೆಗೆ ಬಟ್ಟೆ ಸುತ್ತಿ ಸಾಣಿಗೆ ಆಡಿಸುತ್ತಿದ್ದರು. ಅನ್ನದಾನಮ್ಮನ ಹೆಸರು ಕೂಗಿದೆ. ಹುಬ್ಬಿನವರೆಗೂ ಧೂಳು ತುಂಬಿಕೊಂಡಿದ್ದ ಗಟ್ಟಿ ಹೆಂಗಸೊಬ್ಬಳು ತಲೆಯೆತ್ತಿದಳು. ಮೈದಾನದಿಂದ ಬಂದೆ, ಹುಲುಗಮ್ಮನ ಮಾಸ್ತರು ಎಂದ ಕೂಡಲೇ ಸಾಣಿಗೆ ಕೆಳಗಿಟ್ಟಳು.

"ಏನಾತ್ರಿ ಹುಡುಗಿಗೆ?"

"ಏನೂ ಆಗಿಲ್ಲಮ್ಮ, ಗಾಬರಿ ಆಗಬ್ಯಾಡ್ರಿ," ಎಂದು ಎಲ್ಲವನ್ನೂ ಹೇಳಿದೆ.

"ಆಕಿ ಕಳಿಸಿದ್ಲೇನು?"

ಹೌದು ಎನ್ನುವುದು ಬಹಳ ಸುಲಭವಿತ್ತು. ಬಾಯಿಗೆ ಬರಲಿಲ್ಲ. "ಇಲ್ರಿ, ನಾನ ಬಂದೆ. ಆದ್ರ ಹಾಕಿದಾಕಿನ ತೆಗಿಬೇಕು ಅಂತ ಹಟ ಹಿಡಿದು ಕೂತಾಕಿ ಆಕಿನ."

ಅನ್ನದಾನಮ್ಮ ತಲೆಯ ಬಟ್ಟೆ ಬಿಚ್ಚಿ ಕೊಡವುತ್ತ ಮೆಲ್ಲಗೆ ಹೇಳಿದಳು. "ಬದ್ಲಾಯಿಸೋದು ಬ್ಯಾರೆ ಸರ್. ತೆಗೆದು ಬರೀ ಮೂಗು ಮಾಡಿದ್ರ ತಿರುಗಿ ಕೊಟ್ಟಂಗ. ಆಮ್ಯಾಲ ಹುಡುಗಿ ನನಗ ಯಾರೂ ಅಲ್ಲ. ಮದಿವಿ ತನಕ ಐತಲ್ಲ ಅಂತ ಸಮಾಧಾನ ಮಾಡಿಕೊಂಡು ಅದೀನಿ ನಾನು."

ನಾನು ಗಡಿಯಾರ ನೋಡಿದೆ. ನೋಡಿದ್ದು ತಪ್ಪಾಯಿತು ಎನಿಸಿತು. ಅವಳೂ ಅದನ್ನು ನೋಡಿದಳು.

"ಈಕಿ ಇಲ್ಲಂದ್ರ ಗೆಲ್ತಾವೇನು ಉಳಿದ ಹುಡುಗೇರು?"

"ಇಲ್ರಿ."

"ನಡೀರಿ," ಎಂದು ತೊಟ್ಟಿಯ ನೀರಿನಲ್ಲಿ ಕೈ ಮುಖ ತೊಳೆದಳು. ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಕೇಳಿದಳು: ಈಗ ಯಾವ ಬೂಟು ಹಾಕುತ್ತಾಳೆ ಎಂದು. ಆ ಕೆಂಪು ಬೂಟು ಹೆಬ್ಬೆರಳ ಹತ್ತಿರ ಹರಿದರೂ ಬಿಟ್ಟಿಲ್ಲ ಎಂದೆ. ಹಿಂದೆ ಕೂತವಳ ಮುಖ ನನಗೆ ಕಾಣಲಿಲ್ಲ.

ಬೇವಿನ ಮರದ ಕೆಳಗೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಇಬ್ಬರು ಹೆಂಗಸರು ಒಂದು ಮಾರು ದೂರದಲ್ಲಿ, ನಡುವೆ ಹುಲುಗಮ್ಮ, ಪಕ್ಕದಲ್ಲಿ ಟಪಾಲಿನವನಾಗಿ ನಾನು.

"ಸರ್, ಸ್ವಲ್ಪ ಎಣ್ಣಿ ಬೇಕು ಅಂತ ಹೇಳ್ರಿ ಆಕೀಗೆ."

"ಸರ್, ಎಣ್ಣಿ ಬಾಟ್ಲಿ ಚೀಲದಾಗ ಐತಿ ಅಂತ ಹೇಳ್ರಿ."

"ಸರ್, ಹುಡುಗಿ ತಲಿ ಹಿಡ್ಕೋ ಅನ್ರಿ."

ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ನಾನು ಬಾಯಿ ತೆರೆಯುವುದರೊಳಗೆ ಗೀತಮ್ಮ ಮಗಳ ತಲೆ ಹಿಡಿದಾಗಿತ್ತು. ಅನ್ನದಾನಮ್ಮ ಒಂದು ಹನಿ ಎಣ್ಣೆ ಬಿಟ್ಟು, ಉಸಿರು ಬಿಗಿಹಿಡಿದು ತಿರುಪು ತಿರುಗಿಸಿದಳು. ಬೊಟ್ಟು ಅವಳ ಅಂಗೈಗೆ ಬಂತು. ಗೀತಮ್ಮ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿದ್ದಳು. ಹುಲುಗಮ್ಮ ಮಾತ್ರ, "ಆತೇನ್ರಿ?" ಎಂದು ಮೂಗು ಉಜ್ಜಿಕೊಂಡು ಅಂಕಣಕ್ಕೆ ಓಡಿದಳು. ಅನ್ನದಾನಮ್ಮ ಬೊಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಓಬಳೇಶ ಬರಿಯ ಮೂಗನ್ನು ಹತ್ತಿರದಿಂದ ನೋಡಿ, ನನಗೊಂದು ನಗೆ ಕೊಟ್ಟು ಪೀಪಿ ಊದಿದ. ಅವನು ಮಾಡಿದ್ದು ಸರಿಯಾಗಿತ್ತು ಎನ್ನುವುದು ಆಟದ ನಡುವೆ ನನಗೆ ಗೊತ್ತಾಯಿತು. ಎರಡನೆಯ ಅವಧಿಯಲ್ಲಿ ಇಬ್ಬರು ಹಿಡಿದು ಕೆಡವಿದಾಗ ಎದುರಾಳಿಯ ಮೊಣಕೈ ನೇರ ಹುಲುಗಮ್ಮನ ಮೂಗಿಗೆ ಬಡಿಯಿತು. ಬೊಟ್ಟು ಇದ್ದಿದ್ದರೆ ಮೂಗು ಹರಿದೇ ಹೋಗುತ್ತಿತ್ತು. ಎರಡು ವರ್ಷ ಪಟ್ಟಿ ಅಂಟಿಸಿದ ಮಹಾನುಭಾವ ನಾನೇ. ಅವಳು ಎದ್ದು, ಮೂಗು ಮುಟ್ಟಿ ನೋಡಿಕೊಂಡು, ಮಣ್ಣು ಕೊಡವಿ ಮತ್ತೆ ನಿಂತಳು.

ಹಿಂದಿನಿಂದ ಗೀತಮ್ಮನ ದನಿ ಕೇಳಿತು. "ಗಂಟು ಬಿಗಿ ಐತೇನು?"

ನನ್ನನ್ನು ಕೇಳಿದ್ದಲ್ಲ. ತಿರುಗಿ ನೋಡಿದೆ. ಅನ್ನದಾನಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದಳು. "ಐತಿ," ಎಂದಳು. ಎರಡು ವರ್ಷದ ಮೇಲೆ ಅವರಿಬ್ಬರ ನಡುವೆ ಆದ ಮೊದಲ ಮಾತು ಅಷ್ಟೇ. ನಾನು ಮತ್ತೆ ಆಟದ ಕಡೆ ತಿರುಗಿದೆ, ಆದರೆ ಒಂದೆರಡು ರೈಡು ನನಗೆ ಸರಿಯಾಗಿ ಕಾಣಲಿಲ್ಲ.

ಮೂರು ಅಂಕದಿಂದ ಗೆದ್ದೆವು. ಕೊನೆಯ ರೈಡಿನಲ್ಲಿ ಇಬ್ಬರನ್ನು ಮುಟ್ಟಿ ಬಂದವಳು ಹುಲುಗಮ್ಮನೇ. ಹುಡುಗಿಯರು ಅವಳನ್ನು ಎತ್ತಿ ಕುಣಿದರು. ಓಬಳೇಶ ಬಂದು ಕೈ ಕುಲುಕಿದ. ಆ ಬಳೆಯ ಹುಡುಗಿ ಏನು ಮಾಡುತ್ತಿದ್ದಾಳೆ ಎಂದು ಕೇಳಿದೆ. ಕೊಟ್ಟೂರಿನಲ್ಲಿ ಪಿಯುಸಿ ಓದುತ್ತಿದ್ದಾಳೆ, ಕಾಲೇಜು ತಂಡದಲ್ಲಿದ್ದಾಳೆ ಎಂದ. ನನಗೆ ನಿಜಕ್ಕೂ ಸಂತೋಷವಾಯಿತು.

ಮರದ ಕೆಳಗೆ ಅನ್ನದಾನಮ್ಮ ಎದ್ದು ನಿಂತು ಸೆರಗಿನ ಗಂಟು ಬಿಚ್ಚುತ್ತಿದ್ದಳು. ಬೊಟ್ಟನ್ನು ಅಂಗೈಯಲ್ಲಿಟ್ಟು ಗೀತಮ್ಮನ ಮುಂದೆ ಕೈ ಚಾಚಿದಳು.

"ತಗೋ. ಪದ್ಧತಿ ಏನೈತಿ ಅದು ಆಗ್ಲಿ. ತೆಗೆದು ಕೊಟ್ಟೆ, ನಿನ್ನ ಮಗಳು ನಿನಗ."

ಗೀತಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಕೂಸು ಔಷಧಿಗೆ ಬಾಯಿ ಮುಚ್ಚುವಂತೆ ಇತ್ತು ಅದು.

"ನಾ ಇಸಗೊಳ್ಳಂಗಿಲ್ಲ."

"ಮತ್ತ ಏನ್ ಮಾಡ್ಲಿ ಇದನ್ನ?"

"ಆಕೀಗೆ ಹಾಕು." ಗೀತಮ್ಮ ಮಗಳ ಕಡೆ ನೋಡಿದಳು. "ಹೊಸಪೇಟ್ಯಾಗ ಆಟ ಐತಂತ. ಅಲ್ಲಿ ಪೀಪಿ ಊದೋರು ಬಿಡ್ತಾರೇನು? ತೆಗಿಯಾಕ ನೀನ ಹೋಗಬೇಕು ಜೋಡಿ. ಅವತ್ತು ನಲ್ಲಿ ಹತ್ರ ಅಂದದ್ದು ತಪ್ಪಾತು ಅನ್ನದಾನಿ. ಎರಡು ವರ್ಷದಿಂದ ಹೇಳಬೇಕು ಅಂತಿದ್ದೆ, ಬಾಯಿ ಬರಲಿಲ್ಲ."

ಅನ್ನದಾನಮ್ಮ ಹುಲುಗಮ್ಮನನ್ನು ಕರೆದು, ಬೆವರಿದ ಮುಖವನ್ನು ತನ್ನ ಸೆರಗಿನಿಂದಲೇ ಒರೆಸಿ, ಗಲ್ಲ ಹಿಡಿದು ಬೊಟ್ಟು ಹಾಕತೊಡಗಿದಳು. ತೊಳೆದರೂ ಧೂಳು ಉಳಿದಿದ್ದ ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಗೀತಮ್ಮ ಪಕ್ಕದಲ್ಲೇ ಬಗ್ಗಿ ನಿಂತು ನೋಡುತ್ತಿದ್ದಳು.

"ತಿರುಪು ಭಾಳ ಬಿಗಿ ಮಾಡಬ್ಯಾಡ," ಎಂದಳು. "ಮುಂದಿನ ವಾರ ಮತ್ತ ತೆಗಿಬೇಕಲ್ಲ."